ಮಿಷಿಗನ್‌ನಲ್ಲಿ ಹುಟ್ಟುವ ಮಗುವಿಗೆ ಫ್ರೀಸ್ಲಾಂಡಿನ ಹೆಸರು ಆರಿಸುವುದು ಹೇಗೆ

ನನ್ನ ತಂಗಿ ಅಮೆರಿಕದ ಮಿಷಿಗನ್‌ನಲ್ಲಿದ್ದಾಳೆ, ಈಗ ಏಳು ತಿಂಗಳ ಬಸುರಿ. ಅವಳ ಗಂಡ ಫ್ರೀಸ್ಲಾಂಡಿನವ. ನೆದರ್‌ಲ್ಯಾಂಡ್ಸಿನ ಉತ್ತರದ ಒಂದು ಪ್ರಾಂತ್ಯ ಅದು. ಅಲ್ಲಿಯ ಭಾಷೆ ಫ್ರೀಸಿಯನ್. "ಅದು ಡಚ್‌ನ ಹಳ್ಳಿ ಮಾತಾ?" ಎಂದು ಒಮ್ಮೆ ಅವನ ಹತ್ತಿರ ಕೇಳಿಬಿಟ್ಟೆ. ತುಳುವನ್ನು ಯಾರಾದರೂ "ಕನ್ನಡದ್ದೇ ಒಂದು ಬಗೆ ಅಲ್ವಾ" ಎಂದಾಗ ನಮ್ಮ ಮುಖ ಹೇಗಾಗುತ್ತದೋ ಅವನ ಮುಖ ಹಾಗಾಯಿತು. ಮತ್ತೆ ಕೇಳಲಿಲ್ಲ.

ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಅವನು ನಲವತ್ತಮೂರು ಹೆಸರುಗಳ ಪಟ್ಟಿ ಹಾಕಿದ. ಗಂಡಾದರೆ ಇವು, ಹೆಣ್ಣಾದರೆ ಇವು. ಬಿಜೈಯ ಮನೆಯ ಜಗಲಿಯಲ್ಲಿ ಕೂತು ಅಮ್ಮ ಕನ್ನಡಕ ಏರಿಸಿ ಓದಲು ನೋಡಿದರು. ಮೂರನೆಯ ಹೆಸರಿಗೆ ಮೊಬೈಲ್ ನನ್ನ ಕೈಗೆ ಕೊಟ್ಟು "ಉಂದು ಎಂಚಿನ ಪುದರ್ ಯಾ?" ಎಂದು ತುಳುವಿನಲ್ಲಿ ಕೇಳಿದರು, ಇದೆಂಥ ಹೆಸರು ಎಂದು. ಕೆಲಸ ನನ್ನ ತಲೆಗೆ ಬಂದದ್ದು ಹಾಗೆ. ಕಾರಣವೂ ಉಂಟು. ಮಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ 11 ವರ್ಷ ರಾತ್ರಿ ಪಾಳಿಯಲ್ಲಿ ಹೊಸಬರಿಗೆ ಅಮೆರಿಕದ ಉಚ್ಚಾರ ಕಲಿಸಿದವಳು ನಾನು. ಯಾವ ಅಕ್ಷರ ಕಂಡರೆ ಅವರ ನಾಲಿಗೆ ಎತ್ತ ಹೊರಳುತ್ತದೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ.

ನಿಮ್ಮ ಮನೆಗೂ ಇಂಥ ಅಳಿಯ, ಇಂಥ ಪಟ್ಟಿ ಬಂದಿದ್ದರೆ ನಾನು ಮಾಡಿದ ಹಾಗೆ ಮಾಡಿ ನೋಡಿ.

ಕಣ್ಣಿನ ತೊಂದರೆಯಾ, ಕಿವಿಯದ್ದಾ?

ಡಚ್ ಹೆಸರು ಅಮೆರಿಕದವರಿಗೆ ಕಷ್ಟ ಎನ್ನುತ್ತಾರಲ್ಲ, ಅದು ಅರ್ಧ ಸತ್ಯ. ಕೇಳಿದರೆ ಹೆಚ್ಚಿನವು ಕಷ್ಟವೇ ಅಲ್ಲ. ಓದಹೊರಟಾಗ ಎಡವುತ್ತಾರೆ. ಬರೆದದ್ದನ್ನೇ ಓದುವ ಲಿಪಿ ನಮ್ಮದು, ಹಾಗಾಗಿ ಈ ವ್ಯತ್ಯಾಸ ನಮಗೆ ತಟ್ಟನೆ ಹೊಳೆಯುವುದಿಲ್ಲ.

ಪಟ್ಟಿಯಲ್ಲಿ ಒಂದು ಹೆಸರಿತ್ತು: ಎಸ್, ಜೆ, ಓ, ಇ, ಆರ್, ಡಿ. ಅಮೆರಿಕದವರು ಅದನ್ನು ಕಂಡರೆ ಮೊದಲ ಎರಡು ಅಕ್ಷರದಲ್ಲೇ ನಿಂತುಬಿಡುತ್ತಾರೆ. ಆದರೆ ಹೇಳುವುದು ಬರೇ "ಶೂರ್ಟ್". ಕೇಳಿದವನಿಗೆ ಅದರಲ್ಲಿ ಎಂತ ಕಷ್ಟ? ಅಮ್ಮನಿಗಂತೂ ಅದು "ಶೂರ" ಎಂದೇ ಕೇಳಿಸಿತು, ಒಳ್ಳೆಯ ಹೆಸರು ಎಂದರು.

ನಾನು ಇದನ್ನು ಕಲಿತದ್ದು ಕೆಲಸದಲ್ಲಿ. ಮಿಷಿಗನ್‌ನ ಪಶ್ಚಿಮ ಭಾಗದಲ್ಲಿ ಹಾಲೆಂಡ್ ಎಂಬ ಹೆಸರಿನದ್ದೇ ಊರು ಉಂಟು, 1847ರಲ್ಲಿ ಡಚ್ ವಲಸಿಗರು ಕಟ್ಟಿದ್ದು. ಆ ಕಡೆಯ ಗ್ರಾಹಕರ ಅಡ್ಡಹೆಸರು ಪರದೆ ಮೇಲೆ ಬಂದರೆ ಹೊಸ ಹುಡುಗರಿಗೆ ಬೆವರು. "ಸ್ಟ್ರಾ"ದಲ್ಲಿ ಇಲ್ಲವೇ "ಮಾ"ದಲ್ಲಿ ಮುಗಿದರೆ ಅದು ಫ್ರೀಸಿಯನ್ ಮನೆತನ ಎನ್ನಲು ಅಡ್ಡಿಯಿಲ್ಲ. ಡೈಕ್‌ಸ್ಟ್ರಾ, ಪೋಸ್ಟ್‌ಮಾ, ಹೀಗೆ. ಎಚ್, ಓ, ಇ, ಕೆ ಎಂದು ಶುರುವಾಗುವ ಒಂದನ್ನು ನಮ್ಮ ಹುಡುಗ "ಹೋಯೆಕ್‌ಸ್ಟ್ರಾ" ಎಂದು ಓದಿದ. ಆಚೆ ಕಡೆಯ ಹೆಂಗಸು ನಕ್ಕು "ಹುಕ್‌ಸ್ಟ್ರಾ" ಎಂದರು. ಡಚ್‌ನಲ್ಲಿ ಓ ಮತ್ತು ಇ ಸೇರಿದರೆ ಉಕಾರ. ಆ ಹೆಂಗಸಿನ ಅಜ್ಜನ ಕಾಲದಲ್ಲೇ ಭಾಷೆ ಮರೆತುಹೋಗಿದ್ದೀತು, ಆದರೆ ಮನೆಯಲ್ಲಿ ಕರೆದು ಕರೆದು ಉಚ್ಚಾರ ಉಳಿದಿತ್ತು.

ಮೂರು ಕಾಲಂ

ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಪ್ರತಿ ಹೆಸರಿಗೂ ಮೂರು ಕಾಲಂ. ಮೊದಲನೆಯದರಲ್ಲಿ ಮಗುವಿನ ಅಪ್ಪ ಹೇಳಿದ ಹಾಗೆ ಕನ್ನಡದಲ್ಲಿ ಬರೆಯಿರಿ. ಅವನ ವಾಯ್ಸ್ ಮೆಸೇಜ್ ಬೇಕು, ನಿಮ್ಮ ಊಹೆ ಬೇಡ. ಎರಡನೆಯದರಲ್ಲಿ, ಆ ಸ್ಪೆಲ್ಲಿಂಗನ್ನು ಮೊದಲ ಸಲ ನೋಡಿದ ಅಮೆರಿಕದವರು ಓದುವ ರೀತಿ. ಮೂರನೆಯದರಲ್ಲಿ, ಸ್ಪೆಲ್ಲಿಂಗ್ ನೋಡದೆ ಕಿವಿಯಿಂದ ಕೇಳಿದವರು ತಿರುಗಿ ಹೇಳುವ ರೀತಿ. ಮೂರನ್ನೂ ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷ್‌ನಲ್ಲಿ ಬರೆದರೆ ಮೊದಲಿನ ಗೋಜಲಿಗೇ ವಾಪಸ್. ತಂಗಿ ತನ್ನ ಆಫೀಸಿನ ಇಬ್ಬರನ್ನು ಹಿಡಿದಳು. ಒಬ್ಬರಿಗೆ ಕಾಗದ ತೋರಿಸಿದಳು, ಇನ್ನೊಬ್ಬರಿಗೆ ಗಂಡನ ರೆಕಾರ್ಡಿಂಗ್ ಕೇಳಿಸಿದಳು.

ಮೊದಲ ಕಾಲಂ ಸರಿಯಾಗಲು ಕೆಲವು ಅಕ್ಷರಗಳ ಗುಟ್ಟು ಗೊತ್ತಿದ್ದರೆ ಸಾಕು. ಜೆ ಎಂದರೆ ಯಕಾರ. ಎಸ್ ಜೊತೆ ಜೆ ಬಂದರೆ ಶ, ಟಿ ಜೊತೆ ಜೆ ಬಂದರೆ ಚಕಾರದ ಹತ್ತಿರ. ಎರಡು ಓ ಇದ್ದರೆ ನಮ್ಮ ಓಕಾರ. ಅಮೆರಿಕದವರು ಎರಡು ಓ ಕಂಡಲ್ಲಿ "ಊ" ಎನ್ನುತ್ತಾರೆ, ಆದರೆ ಅವರದ್ದೇ ಅಧ್ಯಕ್ಷ ರೂಸ್‌ವೆಲ್ಟನನ್ನು "ರೋಸವೆಲ್ಟ್" ಎಂದು ಸರಿಯಾಗಿಯೇ ಹೇಳುತ್ತಾರೆ, ಅದು ಡಚ್ ವಂಶದ ಹೆಸರೆಂಬ ಕಾರಣಕ್ಕೆ. "ರೋಸ್" ಎಂಬ ಹುಡುಗಿಯ ಹೆಸರಿಗೆ ಮಾತ್ರ ಆ ಪುಣ್ಯ ಇಲ್ಲ, ಎರಡು ಓ ಹಾಕಿ ಬರೆದರೆ "ರೂಸ್" ಆಗುತ್ತಾಳೆ. "ನೋರ್" ಎಂಬವಳು "ನೂರ್" ಆಗುತ್ತಾಳೆ. ಐ, ಜೆ ಸೇರಿದರೆ ಐಕಾರ. ಕೊನೆಯ ಡಿ ಯಾವಾಗಲೂ ಟ. ವಿ ಎಂದರೆ ಹೆಚ್ಚುಕಮ್ಮಿ ಫ.

ಜಿ ಬಗ್ಗೆ ಎರಡು ಮಾತಿಲ್ಲ: ಬೇಡ. ಡಚ್ಚರ ಬಾಯಲ್ಲಿ ಅದು, ಗಂಟಲಿನಲ್ಲಿ ಮೀನಿನ ಮುಳ್ಳು ಸಿಕ್ಕಿದಾಗ ಬರುವ ಸದ್ದು. ಚಿತ್ರಕಾರ ವ್ಯಾನ್ ಗಾಗ್‌ನನ್ನು ಅಮೆರಿಕದವರು "ವ್ಯಾನ್ ಗೋ" ಎಂದು ಮಾಡಿ ಮುಗಿಸಿದ್ದಾರೆ, ಅವನ ಊರಿನಲ್ಲಿ "ಫಾನ್ ಖೋಖ್". ಅಷ್ಟು ದೊಡ್ಡ ಹೆಸರಿಗೇ ಹೀಗೆ, ಇನ್ನು ಪಾಪದ ಮಗುವಿನ ಗತಿ? ಜಿಯಿಂದ ಶುರುವಾಗುವ ಐದು ಹೆಸರನ್ನು ಒಂದೇ ಗೀಟಿನಲ್ಲಿ ಹೊಡೆದು ಹಾಕಿದೆ.

ಡಬ್ಲ್ಯು ಬಂದಾಗ ನನಗೆ ನಗು ಬಂತು. "ವೀಬೆ" ಎಂಬ ಗಂಡು ಹೆಸರನ್ನು ಅವನು ಹೇಳಿದಾಗ ಅದರಲ್ಲಿದ್ದದ್ದು ನಮ್ಮದೇ ವ, ಕೆಳತುಟಿಗೆ ಹಲ್ಲು ಮೆಲ್ಲ ತಾಗುವ ವ. ಇದೇ ವಕಾರವನ್ನು ಬಿಡಿಸಲಿಕ್ಕೆ ನಾನು ವಾರಗಟ್ಟಲೆ ಹುಡುಗರ ಬಾಯಿ ಗುಂಡಗೆ ಮಾಡಿಸುತ್ತಿದ್ದೆ, ವಿಯ ವೈನೂ ಡಬ್ಲ್ಯುವಿನ ವೈನೂ ನಮ್ಮ ಬಾಯಲ್ಲಿ ಒಂದೇ ಆಗುತ್ತದೆಂದು. ಆ ವಕಾರವೇ ಈಗ ನಮ್ಮ ಮನೆಯ ಅಳಿಯನ ಬಾಯಲ್ಲಿ ಬಂದು ಕೂತಿದೆ.

ಇನ್ನೊಂದು ವಿಷಯ ಪುಸ್ತಕಗಳಲ್ಲಿ ಸಿಗದು, ಹೆಡ್‌ಫೋನ್ ಹಾಕಿ ಕೂತವರಿಗೆ ಗೊತ್ತು. ಅಮೆರಿಕದವರು ಶಬ್ದದ ಮೊದಲಿಗೆ ಪ, ಟ, ಕ ಹೇಳುವಾಗ ಒಂದು ಉಸಿರು ಹೊರಗೆ ಬಿಡುತ್ತಾರೆ. ನಾವು ಬಿಡುವುದಿಲ್ಲ, ಡಚ್ಚರೂ ಬಿಡುವುದಿಲ್ಲ. ಉಸಿರಿಲ್ಲದ ಪಕಾರ ಅವರ ಕಿವಿಗೆ ಬಕಾರವಾಗಿ ಬೀಳುತ್ತದೆ. ನಮ್ಮ ಹುಡುಗರು "ಪಿ ಫಾರ್ ಪೀಟರ್" ಎಂದು ಎಷ್ಟು ಒತ್ತಿ ಹೇಳಿದರೂ ಆಚೆಯಿಂದ "ಬಿ?" ಎಂದು ಬರುತ್ತಿತ್ತು. ಬಾಯಿಯ ಮುಂದೆ ಕಾಗದದ ಚೂರು ಹಿಡಿದು ಅದು ಹಾರುವವರೆಗೆ ಅಭ್ಯಾಸ ಮಾಡಿಸುತ್ತಿದ್ದೆ. ಪಟ್ಟಿಯ "ಪಿಮ್" ಅನ್ನು ತಂಗಿಯ ಸಹೋದ್ಯೋಗಿ "ಬಿಮ್" ಎಂದು ತಿರುಗಿ ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಅಳಿಯನಿಗೆ ಆಯಿತು.

ಮೂರೂ ಕಾಲಂ ತುಂಬಿದ ಮೇಲೆ ಹೆಸರುಗಳು ತಾವಾಗಿಯೇ ಬೇರೆ ಬೇರೆ ಸಾಲು ಕಟ್ಟುತ್ತವೆ. ಕೆಲವಕ್ಕೆ ತೊಂದರೆ ಕಣ್ಣಿನಲ್ಲಿ ಮಾತ್ರ. "ಯೋಕೆ" ಎಂಬ ಹೆಣ್ಣು ಹೆಸರು ಕಾಗದದ ಮೇಲೆ ಇಂಗ್ಲಿಷಿನ ಜೋಕ್. "ಫ್ರೇಕ್" ಎಂಬ ಗಂಡು ಹೆಸರು ಕಾಗದದ ಮೇಲೆ ಫ್ರೀಕ್, ಅಂದರೆ ವಿಚಿತ್ರ ಪ್ರಾಣಿ. ಹೇಳಿಕೊಟ್ಟರೆ ಎರಡೂ ಸರಿಯಾಗುತ್ತವೆ ನಿಜ, ಆದರೆ ಶಾಲೆಯ ಮೊದಲ ದಿನ ಟೀಚರ್ ಹಾಜರಿ ಕರೆಯುವುದು ಓದಿ, ಕೇಳಿ ಅಲ್ಲ. ಇನ್ನು ಕೆಲವಕ್ಕೆ ಕಣ್ಣು ಕಿವಿ ಎರಡರಲ್ಲೂ ತೊಂದರೆ: ಹಾರ್ಮ್ ಎಂದರೆ ಕೇಡು, ಫ್ಲೋರ್ ಎಂದರೆ ನೆಲ, ತಾಕೊ ಎಂದರೆ ಮೆಕ್ಸಿಕೋದ ತಿಂಡಿ. ಇವೆಲ್ಲ ಅಲ್ಲಿ ಮರ್ಯಾದಸ್ಥ ಹೆಸರುಗಳೇ. "ಲೀಕೆ" ಹೆಸರಿನ ಫುಟ್‌ಬಾಲ್ ಆಟಗಾರ್ತಿ, ಲೀಕೆ ಮಾರ್ಟೆನ್ಸ್, 2017ರಲ್ಲಿ ಫಿಫಾದ ವರ್ಷದ ಶ್ರೇಷ್ಠ ಆಟಗಾರ್ತಿ. ಆದರೂ ಅಮೆರಿಕದವರಿಗೆ ನಲ್ಲಿ ಸೋರಿದ ಹಾಗೆ ಕೇಳಿಸುತ್ತದೆ, ಮಳೆಗಾಲದಲ್ಲಿ ಹಂಚಿನ ಮನೆಯಲ್ಲಿರುವ ನಮಗೂ. ಫೋಕೆ ಎಂಬ ಒಂದು ಹೆಸರೂ ಇತ್ತು. ಅದರ ಬಗ್ಗೆ ಅಮ್ಮ ಕೇಳಿದರು, ನಾನು ವಿವರಿಸಲಿಲ್ಲ.

ಕೊನೆಗೆ ಬರುವ ಇ

ಹೆಚ್ಚು ಹೊತ್ತು ಹಿಡಿದದ್ದು ಇಲ್ಲಿ. ಫ್ರೀಸ್ಲಾಂಡಿನ ಗಂಡು ಹೆಸರುಗಳಲ್ಲಿ ಬಹಳಷ್ಟು ಇಂಗ್ಲಿಷಿನ ಇ (E) ಅಕ್ಷರದಲ್ಲಿ ಮುಗಿಯುತ್ತವೆ. ಯೆಲ್ಲೆ, ಹಿಡ್ಡೆ, ಡೌವೆ, ವೀಬೆ, ಆಬೆ. ನಾನು ಎಕಾರ ಹಾಕಿ ಬರೆದೆ, ಆದರೆ ಅದು ಪೂರ್ತಿ ಎಕಾರವೂ ಅಲ್ಲ, ಅಕಾರವೂ ಅಲ್ಲ. ಬಾಯಿ ಅರ್ಧ ತೆರೆದು ಬಿಟ್ಟುಬಿಡುವ ಒಂದು ಸ್ವರ. ತುಳುವಿನಲ್ಲಿ "ಎಂಕ್" ಎಂದಾಗ ಕೊನೆಗೊಂದು ಅರೆ ಉಕಾರ ಇಣುಕುತ್ತದಲ್ಲ, ಅದೇ ಸ್ವರವಲ್ಲ, ಆದರೆ ಕೊನೆಯ ಸ್ವರವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ನಮ್ಮ ನಾಲಿಗೆಗೆ ಮೊದಲೇ ಉಂಟು. ಅಮ್ಮನಿಗೆ ಎರಡನೇ ಸಲಕ್ಕೇ ಬಂತು.

ಅಮೆರಿಕದ ಕಣ್ಣು ಈ ಇಯನ್ನು ಕಂಡರೆ ನುಂಗಿಬಿಡುತ್ತದೆ, ಇಲ್ಲವೇ ಈಕಾರ ಮಾಡುತ್ತದೆ. ಯೆಲ್ಲೆ ಎಂಬವನು ಕಾಗದದ ಮೇಲೆ "ಜೆಲ್" ಆಗುತ್ತಾನೆ, ಇಲ್ಲವೇ "ಜೆಲ್ಲಿ". ಆಬೆ ಎಂಬವನು ಅಬ್ರಹಾಂ ಲಿಂಕನ್ನನ "ಏಬ್" ಆಗುತ್ತಾನೆ. ಅದೇನೂ ಕೆಟ್ಟದ್ದಲ್ಲ. ಆದರೆ ಫ್ರೀಸ್ಲಾಂಡಿನ ಹೀರೆನ್‌ವೇನ್ ಊರಿನ ಫುಟ್‌ಬಾಲ್ ಮೈದಾನಕ್ಕೇ ಆಬೆ ಲೆನ್‌ಸ್ಟ್ರಾ ಎಂಬ ಆಟಗಾರನ ಹೆಸರಿಟ್ಟಿದ್ದಾರೆ, ಆ ಕಡೆಯವರಿಗೆ "ಏಬ್" ಎಂದರೆ ಸಹಿಸಲಿಕ್ಕಿಲ್ಲ.

ಕಿವಿಯಿಂದ ಕೇಳಿದರೆ ಬೇರೆಯೇ ಕತೆ. ಆ ಅರ್ಧ ಸ್ವರ ಅಮೆರಿಕದವರಿಗೆ ಆಕಾರವಾಗಿ ಕೇಳಿಸುತ್ತದೆ: ಯೆಲ್ಲಾ, ಹಿಡ್ಡಾ. ಆಕಾರದಲ್ಲಿ ಮುಗಿಯುವ ಹೆಸರು ಅಲ್ಲಿ ಹೆಚ್ಚಾಗಿ ಹುಡುಗಿಯರದ್ದು. ನೋವಾ, ಜೋಶುವಾ ಎಂಬ ಹುಡುಗರಿದ್ದಾರೆ, ಆದರೆ ಅವರು ಬೈಬಲ್‌ನಿಂದ ಬಂದವರು. ಹಾಗಾಗಿ ಫ್ರೀಸ್ಲಾಂಡಿನ ಗಟ್ಟಿ ರೈತನ ಹೆಸರು ಅಲ್ಲಿ ಪುಟ್ಟ ಹುಡುಗಿಯ ಹೆಸರಾಗಿ ಕೇಳಿಸುತ್ತದೆ. ಎಲ್ಲಕ್ಕಿಂತ ಅವಾಂತರದ್ದು "ಆನ್ನೆ". ಜಗತ್ತಿಗೆಲ್ಲ ಆನ್ನೆ ಫ್ರಾಂಕ್ ಹುಡುಗಿ. ಫ್ರೀಸ್ಲಾಂಡಿನಲ್ಲಿ ಆನ್ನೆ ಗಂಡಸರ ಹೆಸರು, ಡಚ್ ಸಂಸತ್ತಿನ ಕೆಳಮನೆಯ ಸ್ಪೀಕರ್ ಆಗಿದ್ದ ಆನ್ನೆ ವೊಂಡೆಲಿಂಗ್ ಗಂಡಸು. ಅಮೆರಿಕದಲ್ಲಿ ಈ ಹೆಸರಿನ ಹುಡುಗನಿಗೆ ಜೀವಮಾನವಿಡೀ ಹೆಣ್ಣು ಎಂದೇ ಕಾಗದ ಬರುತ್ತಿತ್ತು.

ಹೆಣ್ಣು ಹೆಸರಿಗೆ ಇದೇ ಇ ಅನುಕೂಲ. ಗಂಡು ಹೆಸರಿಗೆ "ಕೆ", "ತ್ಯೆ" ಇಂಥದ್ದೊಂದು ಬಾಲ ಸೇರಿಸಿ ಹೆಣ್ಣು ಮಾಡುವುದು ಅಲ್ಲಿಯ ಹಳೆಯ ಕ್ರಮ, ಮುದ್ದಿನ ಪ್ರತ್ಯಯ ಅದು. ಫೆಮ್ಕೆ, ನೀಂಕೆ, ಸೀಟ್ಸ್‌ಕೆ. ಓದಿದರೆ "ಕೀ", ಕೇಳಿದರೆ "ಕಾ", ಎರಡೂ ಹುಡುಗಿಗೆ ಒಗ್ಗುತ್ತವೆ. ಸಿನಿಮಾ ನಟಿ ಫಾಮ್ಕೆ ಯಾನ್ಸೆನ್‌ರಿಂದಾಗಿ ಅಮೆರಿಕದ ಕಿವಿಗೆ ಈ ಬಾಲ ಹೊಸತೂ ಅಲ್ಲ. ಫಾಮ್ಕೆ ಎಂದರೆ ಫ್ರೀಸಿಯನ್‌ನಲ್ಲಿ ಹುಡುಗಿ, ಅಷ್ಟೇ. ನಾವು "ಪುಟ್ಟಿ" ಎಂದು ಹೆಸರಿಟ್ಟ ಹಾಗೆ.

ಇದರಲ್ಲಿ ತಮಾಷೆ ಎಂತ ಹೇಳಿದರೆ, ಇಂಗ್ಲಿಷಿಗೆ ಅತಿ ಹತ್ತಿರದ ನೆಂಟ ಭಾಷೆಗಳಲ್ಲಿ ಫ್ರೀಸಿಯನ್ನೂ ಒಂದು. 16ನೇ ಶತಮಾನದ ಗ್ರುಟ್ಟೆ ಪೀರ್ ಎಂಬ ದೈತ್ಯದೇಹಿ ಬಂಡಾಯಗಾರ, ಎದುರು ಸಿಕ್ಕವರಿಂದ ಬೆಣ್ಣೆ, ರೊಟ್ಟಿ, ಹಸಿರು ಚೀಸ್ ಎಂದು ಫ್ರೀಸಿಯನ್‌ನಲ್ಲಿ ಹೇಳಿಸುತ್ತಿದ್ದನಂತೆ, ಹೇಳಲು ಬಾರದವ ನಮ್ಮವನಲ್ಲ ಎಂದು. "ಬೂಟರ್, ಬ್ರಿಯ ಎನ್ ಗ್ರೀನ ತ್ಸೀಸ್." ಅಳಿಯ ವಿಡಿಯೋ ಕಾಲ್‌ನಲ್ಲಿ ಎಲ್ಲರಿಂದಲೂ ಹೇಳಿಸಿದ. ನನ್ನ ಅಣ್ಣ ತಪ್ಪಿದ.

ನಮ್ಮ ಕಿವಿ

ಅಮೆರಿಕದ ಕಿವಿಗೆಂದು ಇಷ್ಟೆಲ್ಲ ಮಾಡಿ ಸ್ವಂತ ಕಿವಿಯನ್ನು ಮರೆಯಬೇಡಿ. ನಾಲ್ಕನೇ ಕಾಲಂ ಎಳೆದು ಮನೆಯ ಹಿರಿಯರ ಮುಂದೆ ಒಂದೊಂದೇ ಹೆಸರು ಹೇಳಿ, ಅರ್ಥ ಹೇಳಬೇಡಿ, ಅವರಿಗೆ ಕೇಳಿಸಿದ್ದನ್ನು ಬರೆದುಕೊಳ್ಳಿ. ನಮ್ಮಲ್ಲಿ ಆದದ್ದು ಹೀಗೆ.

ಸನ್ನೆ ಎಂದೆ. "ಕಣ್ಸನ್ನೆಯಾ?" ಎಂದರು. ನೀಂಕೆ ಎಂದೆ. "ನಿಂಗೆ ಎಂತ?" ಎಂದರು. ದಾನ್ ಎಂದೆ. "ಕೊಡುವುದಾ?" ಎಂದರು. ಆಟೆ ಎಂದಾಗ ಮುಖ ಅರಳಿತು. ನಮ್ಮ ಕಡೆ ಆಟ ಎಂದರೆ ಯಕ್ಷಗಾನ, ಇಡೀ ರಾತ್ರಿಯ ಆಟ ನೋಡಿ ಬೆಳೆದವರು ಅಮ್ಮ. "ಅದೇ ಇಡಿ" ಎಂದರು. ಅದೇ ಸ್ಪೆಲ್ಲಿಂಗನ್ನು ಅಮೆರಿಕದವರು "ಏಟ್" ಎಂದು ಓದುತ್ತಾರೆ, ತಿಂದ ಎಂದು ಅರ್ಥ. ಬಿಡಲು ನನಗೂ ಮನಸ್ಸಿರಲಿಲ್ಲ.

ಸಾಕೆ ಎಂಬ ಗಂಡು ಹೆಸರು ಅಮೆರಿಕದ ಕಣ್ಣಿಗೆ ಜಪಾನಿನ ಅಕ್ಕಿಯ ಮದ್ಯ. ಅಮ್ಮನಿಗೆ ಅದು ಪ್ರಶ್ನೆಯಾಗಿ ಕೇಳಿಸಿತು: ಸಾಕಾ? ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ ಸಾಕಮ್ಮ ಎಂದು ಹೆಸರಿಡುತ್ತಿದ್ದರಲ್ಲ, ಅದು ನೆನಪಾಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಚಿಕ್ಕಮ್ಮನ ಹೆಸರು ಅದು. ಆ ಹೆಸರನ್ನು ಯಾಕೆ ಹೊಡೆದುಹಾಕಿದೆ ಎಂದು ಅಳಿಯನಿಗೆ ಬರೆಯಲು ನನಗೆ ಮೂರು ಮೆಸೇಜ್ ಬೇಕಾಯಿತು.

ನಾಲ್ಕೂ ಕಾಲಂನಲ್ಲಿ ಹೆಚ್ಚು ಗಾಯವಾಗದೆ ಹೊರಬಂದವು ಕೆಲವೇ. ಸಾಸ್ಕಿಯಾ, ಚಿತ್ರಕಾರ ರೆಂಬ್ರಾಂಟ್‌ನ ಹೆಂಡತಿಯ ಹೆಸರು, ಅವಳು ಫ್ರೀಸ್ಲಾಂಡಿನ ಲೇವಾರ್ಡನ್‌ನವಳು. ಬ್ರಾಮ್, ಅಮ್ಮನಿಗೆ ಬ್ರಹ್ಮ. ಫೆನ್ನಾ. ಟೆಸ್. ಫೆಮ್ಕೆ. ಮತ್ತೆ ಕೊನೆಯ ಇ ಇದ್ದರೂ ಅಳಿಯ ಬಿಡಲೊಪ್ಪದ ಯೆಲ್ಲೆ.

ಸ್ಪೆಲ್ಲಿಂಗ್ ತಿದ್ದಲು ಹೋಗಬೇಡಿ

ಜೆ ತೆಗೆದು ವೈ ಹಾಕಿದರೆ ಓದಲು ಸುಲಭವಲ್ಲವಾ ಎಂದು ತಂಗಿ ಕೇಳಿದಳು. ಬೇಡ ಎಂದೆ. ಕಾಲ್ ಸೆಂಟರಿನಲ್ಲಿ ನನಗೊಂದು ಹೆಸರು ಕೊಟ್ಟಿದ್ದರು, ಸ್ಟೆಲ್ಲಾ ಎಂದು, ಗ್ರಾಹಕರಿಗೆ ಸುಲಭವಾಗಲಿ ಎಂದು. ರಾತ್ರಿ ಎಂಟೂವರೆಗೆ ಕ್ಯಾಬ್ ಹತ್ತಿದರೆ ಸ್ಟೆಲ್ಲಾ, ಬೆಳಿಗ್ಗೆ ಮಂಗಳೂರಿನ ಲಾಲ್‌ಬಾಗಿನಲ್ಲಿ ಇಳಿದರೆ ನಾನು. ಒಮ್ಮೆ ಹಂಪನಕಟ್ಟೆಯಲ್ಲಿ ಯಾರೋ ಹಿಂದಿನಿಂದ "ಸ್ಟೆಲ್ಲಾ" ಎಂದು ಕೂಗಿದಾಗ ತಿರುಗಿ ನೋಡಿದೆ. ಅವರು ಕರೆದದ್ದು ಬೇರೆ ಯಾರನ್ನೋ, ನಿಜವಾಗಿಯೂ ಸ್ಟೆಲ್ಲಾ ಆಗಿದ್ದವಳನ್ನು. ನಾಚಿಕೆ ಅಂದರೆ ನಾಚಿಕೆ. ಕಿವಿಗೆ ಒಗ್ಗುವ ಹೆಸರು ಹುಡುಕಿ, ಹೌದು. ಹುಡುಕಿ ಆದ ಮೇಲೆ ಅದನ್ನು ಅದರ ಊರಿನ ಸ್ಪೆಲ್ಲಿಂಗ್‌ನಲ್ಲೇ ಬರೆಯಿರಿ. ಒಂದೇ ಊರನ್ನು ಮಂಗಳೂರು, ಕುಡ್ಲ, ಕೊಡಿಯಾಲ, ಮೈಕಾಲ ಎಂದು ಕರೆದು ಬದುಕುವವರು ನಾವು, "ಜೆ ಎಂದರೆ ಯ" ಎಂದು ಮಿಷಿಗನ್‌ನಲ್ಲಿ ನಾಲ್ಕು ಸಲ ಹೇಳುವುದು ಭಾರವಾಗಲಿಕ್ಕಿಲ್ಲ.

ಅಜ್ಜನ ಹೆಸರು ಇಡುವ ಕ್ರಮ ಅಲ್ಲಿಯೂ ಉಂಟು, ನಮ್ಮ ಹಾಗೆಯೇ. ಅಳಿಯನ ಅಜ್ಜನದ್ದು ಮೇಲೆ ಹೇಳಿದ ತೊಂದರೆಯ ಹೆಸರುಗಳಲ್ಲೇ ಒಂದು. ಅದನ್ನು ನಡುವಿನ ಹೆಸರಾಗಿ ಹಾಕಿಸಿ. ಅಮೆರಿಕದಲ್ಲಿ ನಡುವಿನ ಹೆಸರು ಹೆಚ್ಚಾಗಿ ಒಂದು ಅಕ್ಷರ ಮತ್ತು ಚುಕ್ಕಿಯಾಗಿ ಉಳಿಯುತ್ತದೆ. ಅಜ್ಜನಿಗೆ ಮರ್ಯಾದೆ, ಮಗುವಿಗೆ ನೆಮ್ಮದಿ.

ಕಾಗದಪತ್ರದ ವಿಷಯ ಎರಡೇ. ಫ್ರೀಸಿಯನ್ ಹೆಸರಿನಲ್ಲಿ ಅಕ್ಷರದ ಮೇಲೆ ಟೋಪಿ, ಚುಕ್ಕಿ ಇದ್ದರೆ ಮೊದಲೇ ಯೋಚಿಸಿ, ಅಮೆರಿಕದ ಕೆಲವು ರಾಜ್ಯಗಳ ಜನನಪತ್ರದಲ್ಲಿ ಅವು ಬರಲಿಕ್ಕಿಲ್ಲ. ಮುಂದೆ ಮಗುವಿಗೆ ಓಸಿಐ ಕಾರ್ಡ್ (ವಿದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಮಾಡಿಸುವಾಗ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಹೆಸರು ತುಂಬಿಸಬೇಕು, ಅಲ್ಲಿ ನಿಮ್ಮ ಕನ್ನಡದ ಕಾಲಂ ನೋಡಿ ಬರೆಯಬೇಡಿ.

ಕೂಗಿ ನೋಡಿ

ಕೊನೆಯ ಪರೀಕ್ಷೆ ಹಿತ್ತಲಲ್ಲಿ. ಹೆಸರನ್ನು ಮೆಲ್ಲಗೆ ಹೇಳಿದರೆ ಎಲ್ಲವೂ ಚಂದವೇ. ಮಗುವನ್ನು ಊಟಕ್ಕೆ ಕರೆಯುವ ಸ್ವರದಲ್ಲಿ, ಕೊನೆಯ ಅಕ್ಷರ ಎಳೆದು ಕೂಗಬೇಕು. ಟೆಸ್ ಎಳೆಯಲು ಬರುವುದಿಲ್ಲ, ಸಕಾರದಲ್ಲಿ ಹಾವಿನ ಹಾಗೆ ನಿಲ್ಲುತ್ತದೆ. ಸಾಸ್ಕಿಯಾ ಬಾವಿಕಟ್ಟೆ ದಾಟಿ ಕಾಂಪೌಂಡಿನವರೆಗೆ ಆರಾಮ ಹೋಯಿತು. ಬ್ರಾಮ್‌ಗೆ ಅಮ್ಮ ತಾವಾಗಿಯೇ ಒಂದು "ಆ" ಸೇರಿಸಿದರು. ಆಮೇಲೆ ಅಳಿಯನ ಇಷ್ಟದ ಹೆಸರು ಹಿಡಿದು ಅಮ್ಮ ತೆಂಗಿನ ಮರದ ಬುಡದಲ್ಲಿ ನಿಂತು ಗಟ್ಟಿಯಾಗಿ ಕೂಗಿದರು.

"ಯೆಲ್ಲೇ! ಯೆಲ್ಲೇ!"

ಪಕ್ಕದ ಮನೆಯ ಪ್ರೊಫೆಸರಮ್ಮ ಒಗೆದ ಬಟ್ಟೆ ಕೈಯಲ್ಲಿ ಹಿಡಿದೇ ಗೋಡೆಯ ಹತ್ತಿರ ಓಡಿ ಬಂದರು.

"ಎಂತ ಅಕ್ಕ, ಎಂತ ಎಲ್ಲಿ? ಬೆಕ್ಕು ಮತ್ತೆ ತಪ್ಪಿಸಿಕೊಂಡಿತಾ?"